ಗ್ಯಾಸ್ ಒಲೆಯ ಉರಿ ಹಳದಿ ಆದ್ರೆ ಎಂತ ಮಾಡುದು? ಪದೇ ಪದೇ ಕೇಳುವ ಪ್ರಶ್ನೆಗಳು (ಎಲ್‌ಪಿಜಿ, ಗೋಬರ್ ಗ್ಯಾಸ್ ಎರಡಕ್ಕೂ)

ನಮ್ಮ ಕಾಸರಗೋಡು ಕಡೆ ಒಂದೇ ಮನೆಯಲ್ಲಿ ಎರಡು ಮೂರು ನಮೂನೆ ಒಲೆ ಇರುದು ಮಾಮೂಲಿ. ಕಟ್ಟೆ ಮೇಲೆ ಎಲ್‌ಪಿಜಿ ಸ್ಟವ್, ಅದ್ರ ಬದಿಯಲ್ಲಿ ಗೋಬರ್ ಗ್ಯಾಸಿನ ಬರ್ನರ್, ಹಿಂದೆ ಕುಚ್ಚಲಕ್ಕಿ ಬೇಯಿಸ್ಲಿಕ್ಕೆ ಸೌದೆ ಒಲೆ. ಸೌದೆ ಒಲೆಯ ಉರಿ ಹೆಚ್ಚು ಕಮ್ಮಿ ಮಾಡುದು ಯಾರಿಗೂ ಹೇಳಿ ಕೊಡ್ಬೇಕಾಗಿಲ್ಲ, ಗ್ಯಾಸಿಂದು ಬಂದಾಗ ಮಾತ್ರ ಒಂದೋ ಮುಟ್ಲಿಕ್ಕೇ ಹೆದರ್ತಾರೆ ಇಲ್ಲದಿದ್ರೆ ಕೈಗೆ ಸಿಕ್ಕಿದ್ದೆಲ್ಲ ತಿರುಗಿಸಿ ಬಿಡ್ತಾರೆ. ನಾನು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತ ಸ್ಟವ್ ರಿಪೇರಿಗೆ ಹೋಗುವವ. ಮನೆಯವ್ರು ಕೇಳುದು ಹೆಚ್ಚಾಗಿ ಇದೇ ಪ್ರಶ್ನೆಗಳು, ಹಾಗಾಗಿ ಒಂದು ಕಡೆ ಬರ್ದಿಟ್ಟಿದ್ದೇನೆ. ಉರಿ ಸರಿ ಇಲ್ಲ ಅಂತ ಕಂಡ ಕೂಡ್ಲೆ ಸ್ಕ್ರೂ ಡ್ರೈವರ್ ಹುಡುಕ್ಬೇಡಿ, ಹೆಚ್ಚಿನ ಸಲ ಬೇಕಾಗುದು ಸಾಬೂನು ಮತ್ತೆ ಒಂದು ಹಿಡಿಸೂಡಿ ಕಡ್ಡಿ ಅಷ್ಟೆ.

ಪ್ರ: ಉರಿ ನೀಲಿ ಇರ್ಬೇಕು ಅಂತ ಎಲ್ರೂ ಹೇಳ್ತಾರೆ, ಎಷ್ಟು ನೀಲಿ? ಹೇಗೆ ನೋಡುದು?

ಲೈಟ್ ಆಫ್ ಮಾಡಿ, ಪಾತ್ರೆ ಇಡದೆ, ಸಂಜೆ ಹೊತ್ತಿಗೆ ನೋಡಿ. ಹಗಲು ಕಿಟಕಿ ಬೆಳಕಿಗೆ ಒಳ್ಳೆ ಉರಿಯೂ ಸರಿ ಕಾಣುದಿಲ್ಲ. ಬರ್ನರಿನ ಪ್ರತಿ ತೂತಿನ ಮೇಲೆ ಸಣ್ಣ ಗೋಪುರದ ಹಾಗೆ ಗಟ್ಟಿ ನೀಲಿ, ಅದ್ರ ಹೊರಗೆ ತೆಳು ನೀಲಿ, ತುದಿಯಲ್ಲಿ ಹಳದಿ ಇಲ್ಲ, ಸುತ್ತಲೂ ಒಂದೇ ಎತ್ತರ, ಬರ್ನರಿಗೆ ಅಂಟಿಕೊಂಡೇ ಉರೀತಾ ಉಂಟು, ಸದ್ದು ಹೆಚ್ಚು ಇಲ್ಲ. ಇಷ್ಟಿದ್ರೆ ಅದನ್ನು ಮುಟ್ಟುದೇ ಬೇಡ.

ಹೀಗೆ ಉರಿಯುದಕ್ಕೆ ಕಾರಣ ಗಾಳಿ. ಎಲ್‌ಪಿಜಿ ಅಂದ್ರೆ ಪ್ರೊಪೇನ್ ಮತ್ತೆ ಬ್ಯುಟೇನ್ ಸೇರಿದ್ದು. 1 ಪಾಲು ಪ್ರೊಪೇನ್ ಪೂರ್ತಿ ಉರಿಲಿಕ್ಕೆ ಹತ್ತಿರ ಹತ್ತಿರ 24 ಪಾಲು ಗಾಳಿ ಬೇಕು, ಬ್ಯುಟೇನಿಗೆ 31 ಪಾಲು. ಒಲೆ ಅಡಿಯಲ್ಲಿ ಜೆಟ್ ಅಂತ ಒಂದು ಸಣ್ಣ ಹಿತ್ತಾಳೆ ತುಂಡು ಉಂಟಲ್ಲ, ಅದ್ರಿಂದ ಗ್ಯಾಸ್ ಜೋರಾಗಿ ನುಗ್ಗುವಾಗ ಪಕ್ಕದ ಗಾಳಿಯನ್ನೂ ಎಳ್ಕೊಂಡು ಪೈಪಿನ ಒಳಗೆ ಹೋಗ್ತದೆ, ಅಲ್ಲಿ ಎರಡೂ ಬೆರೆತು ಮೇಲೆ ಬಂದು ಉರಿಯುದು. ಬಾಕಿ ಗಾಳಿ ಉರಿಯ ಸುತ್ತಲಿಂದ ಸಿಗ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡ ಬಂದ್ರೂ ಉರಿಯ ಬಣ್ಣ ಹೋಯ್ತು.

ಪ್ರ: ಹಳದಿ ಬಂದ್ರೆ ಎಂತ ತೊಂದ್ರೆ? ಅನ್ನ ಬೇಯ್ತದಲ್ಲ?

ಬೇಯ್ತದೆ, ತಡ ಆಗಿ. ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರೀತದೆ, ಆಗ ಉಳಿಯುವ ಇಂಗಾಲದ ಸಣ್ಣ ಸಣ್ಣ ಕಣ ಕಾದು ಹೊಳೆಯುದೇ ಆ ಹಳದಿ, ಅದೇ ಕಣ ಪಾತ್ರೆ ಅಡಿಗೆ ಮಸಿಯಾಗಿ ಕೂತ್ಕೊಳ್ತದೆ. ಮಸಿ ತಿಕ್ಕಿ ತೆಗೀಬಹುದು. ಅದ್ರ ಒಟ್ಟಿಗೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದೇ ದೊಡ್ಡ ಅಪಾಯ. ಮಳೆಗಾಲದಲ್ಲಿ ಎರಚಲು ಹೊಡೀತದೆ ಅಂತ ಅಡುಗೆಮನೆ ಕಿಟಕಿ ಎಲ್ಲ ಹಾಕಿ ಕೂತ್ಕೊಳ್ಳುವವ್ರು ಒಂದು ಕಿಟಕಿ ಆದ್ರೂ ಸ್ವಲ್ಪ ತೆಗ್ದಿಡಿ. ಅಡುಗೆ ಮಾಡುವಾಗ ತಲೆನೋವು, ತಲೆ ತಿರುಗುದು ಬಂದು ಹೊರಗೆ ಹೋದ ಕೂಡ್ಲೆ ಕಮ್ಮಿ ಆಗ್ತದೆ ಅಂತಾದ್ರೆ ಒಲೆ ಆಫ್ ಮಾಡಿ ಬಾಗಿಲು ಕಿಟಕಿ ಎಲ್ಲ ತೆಗ್ದು ಹಾಕಿ, ಮನೆಯವ್ರೆಲ್ಲ ಹೊರಗೆ ಬನ್ನಿ, ಡಾಕ್ಟ್ರಿಗೆ ತೋರಿಸಿ. ಬಚ್ಚಲುಮನೆ ಒಳಗೆ ಗ್ಯಾಸ್ ಗೀಸರ್ ಇಟ್ಟವ್ರಿಗೆ ಇದು ಇನ್ನೂ ಮುಖ್ಯ, ಗಾಳಿ ಆಡದ ಬಚ್ಚಲಲ್ಲಿ ಹಾಗೆ ಜೀವ ಹೋದದ್ದು ಪೇಪರಲ್ಲಿ ಬರ್ತಾ ಇರ್ತದೆ. ಗೀಸರಿನ ಬರ್ನರ್ ಅಂತೂ ಮನೆಯಲ್ಲಿ ಬಿಚ್ಚುದೇ ಬೇಡ.

ಪ್ರ: ಹಳದಿ ಅಲ್ಲ, ನಡು ನಡುವೆ ಕೆಂಪು ಕಿತ್ತಳೆ ಕಿಡಿ ಹಾರ್ತದೆ. ಅದೂ ಅದೇನಾ?

ಹೆಚ್ಚಾಗಿ ಅಲ್ಲ. ಉಪ್ಪಿನಲ್ಲಿರುವ ಸೋಡಿಯಂ ಉರಿಗೆ ಬಿದ್ರೆ ಕಿತ್ತಳೆ ಬಣ್ಣ ಬರ್ತದೆ. ಗಂಜಿ ಉಕ್ಕಿ ಬರ್ನರಿಗೆ ಬಿದ್ರೆ, ಉಪ್ಪು ಹಾಕಿದ ಪಲ್ಯ ಚೆಲ್ಲಿದ್ರೆ, ಅಷ್ಟು ಯಾಕೆ, ಹಿಟ್ಟು ಗುಡಿಸಿದ ಧೂಳು ಹಾರಿದ್ರೂ ಹೀಗೆ ಆಗ್ತದೆ. ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡಲ ಬದಿ ಮನೆಗಳಲ್ಲಿ ಗಾಳಿಯಲ್ಲೇ ಉಪ್ಪು ಉಂಟು. ಕಿಡಿ ಬಂದು ಹೋಗ್ತದೆ, ಪಾತ್ರೆಗೆ ಮಸಿ ಹಿಡಿಯುದಿಲ್ಲ ಅಂತಾದ್ರೆ ತಲೆಬಿಸಿ ಬೇಡ. ಮಸಿ ಹಿಡೀತದಾ ಇಲ್ವಾ ಅಂತ ನೋಡಿ, ಅದ್ರಲ್ಲೇ ಗೊತ್ತಾಗ್ತದೆ.

ಪ್ರ: ನಿನ್ನೆವರೆಗೆ ಸರಿ ಇತ್ತು, ಈಗ ಒಂದು ಬರ್ನರ್ ಮಾತ್ರ ಹಳದಿ. ಯಾಕೆ?

ಒಂದೇ ಬರ್ನರ್ ಅಂದ್ರೆ ಸಿಲಿಂಡರಿಂದು, ರೆಗ್ಯುಲೇಟರಿಂದು ತಪ್ಪಲ್ಲ, ಆ ಬರ್ನರಿನ ದಾರಿಯಲ್ಲೇ ಏನೋ ಉಂಟು. ಉಕ್ಕಿದ್ದು ತೂತಿಗೆ ಹೋಗಿ ಕರಟಿರಬಹುದು, ತೊಳ್ದ ಮೇಲೆ ಮೇಲಿನ ಮುಚ್ಚಳ ಓರೆ ಕೂತಿರಬಹುದು, ಒಳಗೆ ನೀರು ನಿಂತಿರಬಹುದು. ಇದಲ್ಲದೆ ಇನ್ನೊಂದು ಉಂಟು, ಹುಳ. ಗ್ಯಾಸ್ ಗಾಳಿ ಬೆರೆಯುವ ಪೈಪ್, ಅಂದ್ರೆ ಬೆರಕೆ ಪೈಪಿನ ಒಳಗೆ ಜೇಡ ಬಲೆ ಕಟ್ತದೆ, ಇರುವೆ ಮಣ್ಣು ತುಂಬಿಸ್ತದೆ, ಕೆಲವು ಕಡೆ ಕಣಜದ ಮಣ್ಣಿನ ಗೂಡೇ ಸಿಗ್ತದೆ. ದಿನಾ ಉರಿಯುವ ಬರ್ನರಿಗೆ ಬರುದಿಲ್ಲ, ಉಪಯೋಗ ಇಲ್ಲದ ಎರಡನೇದು ಮೂರನೇದಕ್ಕೆ ಬರ್ತದೆ. ಮಕ್ಕಳು ಬೆಂಗಳೂರಲ್ಲಿ, ಮನೆಗೆ ಬೀಗ, ವಿಷುವಿಗೆ ಬಂದು ಒಲೆ ಹೊತ್ತಿಸಿದ್ರೆ ಹಳದಿ ಉರಿ ಅಥವಾ ಉರಿ ಅಡಿಯಿಂದ ಬರ್ತದೆ ಅಂತ ಫೋನ್ ಬಂದ್ರೆ ನಾನು ಮೊದ್ಲು ಹುಡುಕುದೇ ಇದನ್ನು. ಅಡಿಯಿಂದ ಉರಿ ಬಂದ್ರೆ ಕೂಡ್ಲೆ ಆಫ್, ನೋಡ್ತಾ ನಿಲ್ಬೇಡಿ.

ಪ್ರ: ಹಾಗಾದ್ರೆ ಕ್ಲೀನ್ ಮಾಡುದು ಹೇಗೆ?

ರೆಗ್ಯುಲೇಟರ್ ಆಫ್ ಮಾಡಿ, ಆಮೇಲೆ ಒಲೆ ಉರಿಸಿಯೇ ಬಿಡಿ, ಟ್ಯೂಬಲ್ಲಿ ಉಳಿದ ಗ್ಯಾಸ್ ಮುಗ್ದು ತಾನೇ ನಂದ್ತದೆ, ಆಗ ನಾಬ್ ಕಟ್ಟಿ. ಬರ್ನರ್ ತಣಿಯುವಷ್ಟು ಹೊತ್ತು ಕಾಯಿರಿ. ಮೇಲಿನ ಮುಚ್ಚಳ ತೆಗ್ದು ಬಿಸಿನೀರು ಸಾಬೂನಲ್ಲಿ ನೆನೆಹಾಕಿ, ಹಿತ್ತಾಳೆದಾದ್ರೆ ಹುಣಸೆಹುಳಿ ಹಾಕಿ ತಿಕ್ಕಿದ್ರೆ ಹೊಳೀತದೆ. ತೂತುಗಳಿಗೆ ಹಿಡಿಸೂಡಿ ಕಡ್ಡಿ ಸಾಕು, ಒಂದೊಂದಾಗಿ ಹಾಕಿ ತೆಗೀರಿ, ದಪ್ಪ ಮೊಳೆ ತಂದು ತೂತು ದೊಡ್ಡ ಮಾಡ್ಬೇಡಿ. ಬೆರಕೆ ಪೈಪಿನ ಒಳಗೆ ಬಾಟ್ಲಿ ತೊಳೆಯುವ ಉದ್ದ ಬ್ರಶ್ ಆಡಿಸಿದ್ರೆ ಬಲೆ, ಮಣ್ಣು ಎಲ್ಲ ಬರ್ತದೆ, ಆದ್ರೆ ಅದನ್ನು ಜೆಟ್ ಕಡೆಗೆ ನೂಕ್ಬಾರದು, ಹೊರಗೆ ಎಳೀಬೇಕು.

ಒಣಗಿಸುದು ತೊಳೆಯುದಕ್ಕಿಂತ ಮುಖ್ಯ. ಆಟಿಯಲ್ಲಿ ಬಟ್ಟೆಯೇ ಒಣಗುದಿಲ್ಲ, ಬರ್ನರ್ ಎಲ್ಲಿ ಒಣಗ್ತದೆ? ಸೌದೆ ಒಲೆ ಬದಿಯಲ್ಲಿ ರಾತ್ರಿ ಇಟ್ಟು ಬಿಡಿ. ಒದ್ದೆ ಬರ್ನರ್ ಹಾಕಿ ಹೊತ್ತಿಸಿ ಟಪ್ ಟಪ್ ಸದ್ದು ಬಂತು, ತೊಳೆದ ಮೇಲೆ ಹಾಳಾಯ್ತು ಅನ್ನುವವ್ರು ಸುಮಾರು ಜನ. ತಿರುಗಿ ಇಡುವಾಗ ಮುಚ್ಚಳ ಅದ್ರ ಗುಂಡಿಗೆ ಸರಿ ಕೂತಿದೆಯಾ, ಅಲ್ಲಾಡ್ತದಾ ನೋಡಿ. ಹೆಚ್ಚಿನವ್ರ ಸಮಸ್ಯೆ ಇಲ್ಲಿಗೇ ಮುಗೀತದೆ.

ಪ್ರ: ಕ್ಲೀನ್ ಮಾಡಿದ್ರೂ ಹಳದಿ ಹೋಗ್ಲಿಲ್ಲ. ಗಾಳಿ ಅಡ್ಜಸ್ಟ್ ಮಾಡುದು ಎಲ್ಲಿ?

ಒಲೆ ಅಡಿಯಲ್ಲಿ, ಜೆಟ್ ಮತ್ತೆ ಬೆರಕೆ ಪೈಪ್ ಸೇರುವ ಜಾಗದಲ್ಲಿ. ಕೆಲವಕ್ಕೆ ಅಲ್ಲಿ ತಿರುಗಿಸುವ ಒಂದು ದುಂಡು ತಗಡು, ಕೆಲವಕ್ಕೆ ಪೈಪಿನ ಮೇಲೆ ಜಾರುವ ಬಳೆ ತರ ಇರ್ತದೆ, ಅದು ಗಾಳಿ ಹೋಗುವ ಕಿಂಡಿಯನ್ನು ಹೆಚ್ಚು ಕಮ್ಮಿ ಮುಚ್ತದೆ. ಈಗಿನ ಸುಮಾರು ಗ್ಲಾಸ್ ಸ್ಟವ್‌ಗಳಲ್ಲಿ ಇದು ಇಲ್ಲವೇ ಇಲ್ಲ, ಕಿಂಡಿ ಕಂಪನಿಯಿಂದಲೇ ಫಿಕ್ಸ್. ಇಲ್ಲದಿದ್ರೆ ಇಲ್ಲ, ತೂತು ಕೊರೆಯುವ ಸಾಹಸ ಮಾಡ್ಬೇಡಿ.

ಇದ್ರೆ ಹೀಗೆ: ಮೊದ್ಲು ಈಗ ಇರುವ ಜಾಗಕ್ಕೆ ಪೆನ್ಸಿಲಲ್ಲಿ ಒಂದು ಗೆರೆ ಹಾಕಿ, ಹಾಳಾದ್ರೆ ಅಲ್ಲಿಗೇ ವಾಪಸ್ ತರ್ಲಿಕ್ಕೆ. ಗ್ಯಾಸ್ ಆಫ್ ಇರುವಾಗ ತಗಡನ್ನು ಒಂದು ಎಳ್ಳಿನಷ್ಟು ತೆರೀರಿ. ಕೈ ತೆಗ್ದು, ಬೆಂಕಿ ಕಡ್ಡಿ ಅಥವಾ ಲೈಟರ್ ಮೊದ್ಲು ಬರ್ನರ್ ಹತ್ರ ಹಿಡ್ದು ಆಮೇಲೆ ನಾಬ್ ತೆಗ್ದು ಹೊತ್ತಿಸಿ. ಒಂದೆರಡು ನಿಮಿಷ ಉರೀಲಿ, ಬರ್ನರ್ ಬಿಸಿ ಆದ ಮೇಲೆಯೇ ಉರಿಯ ನಿಜವಾದ ಗುಣ ಗೊತ್ತಾಗುದು. ಹಳದಿ ತುದಿ ಇನ್ನೂ ಉಂಟಾದ್ರೆ ತಿರುಗಿ ಆಫ್, ಇನ್ನೊಂದು ಎಳ್ಳಿನಷ್ಟು ತೆರೀರಿ. ಹಳದಿ ಹೋದಲ್ಲಿಗೆ ನಿಲ್ಲಿಸಿ. ಜಾಸ್ತಿ ಗಾಳಿ ಕೊಟ್ರೆ ಇನ್ನೂ ಒಳ್ಳೆ ಉರಿ ಬರ್ತದೆ ಅಂತ ಮುಂದೆ ಹೋದ್ರೆ ಉರಿ ಬರ್ನರ್ ಬಿಟ್ಟು ಹಾರ್ಲಿಕ್ಕೆ ಶುರು ಆಗ್ತದೆ. ದೊಡ್ಡ ಉರಿಯಲ್ಲಿ ಒಮ್ಮೆ, ಸಿಮ್ಮಲ್ಲಿ ಒಮ್ಮೆ, ಎರಡರಲ್ಲೂ ನೋಡಿ.

ಮೈ ಮೇಲೆ ಸೀರೆ ಸೆರಗು, ಬೈರಾಸು ಇಳಿಬಿಟ್ಕೊಂಡು ಬಗ್ಗಿ ಉರಿ ನೋಡ್ಬೇಡಿ. ಒಲೆ ಮೇಲೆ ಬಿಸಿ ಪಾತ್ರೆ ಇರುವಾಗ ಅಡಿಗೆ ಕೈ ಹಾಕ್ಬೇಡಿ. ಟ್ಯೂಬ್ ಸಿಕ್ಕಿಸಿ ಇರುವಾಗ ಒಲೆಯನ್ನು ಮಗುಚಿ ಹಾಕ್ಬೇಡಿ, ಟ್ಯೂಬ್ ತಿರುಚಿ ಸಡಿಲ ಆಗ್ತದೆ. ಮಗುಚ್ಲೇ ಬೇಕಾದ್ರೆ ರೆಗ್ಯುಲೇಟರನ್ನು ಸಿಲಿಂಡರಿಂದ ತೆಗ್ದು, ಸಿಲಿಂಡರಿಗೆ ಮುಚ್ಚಳ ಹಾಕಿ, ಆಮೇಲೆ.

ಪ್ರ: ಉರಿ ಬರ್ನರ್ ಬಿಟ್ಟು ಮೇಲೆ ಹಾರ್ತದೆ, ಬುಸ್ ಅಂತದೆ. ನಂದಿಸುವಾಗ ಟಪ್ ಅಂತ ಒಡೀತದೆ.

ಎರಡು ಬೇರೆ ಬೇರೆ. ಹಾರುದು ಅಂದ್ರೆ ಗಾಳಿ ಹೆಚ್ಚು ಅಥವಾ ಗ್ಯಾಸಿನ ಒತ್ತಡ ಹೆಚ್ಚು, ಉರಿ ಹಿಂದಕ್ಕೆ ಹರಡುವ ವೇಗಕ್ಕಿಂತ ಗ್ಯಾಸ್ ಹೊರಗೆ ಬರುವ ವೇಗ ಜಾಸ್ತಿ ಆಗಿದೆ. ಗಾಳಿ ತಗಡು ಸ್ವಲ್ಪ ಮುಚ್ಚಿ ನೋಡಿ. ಎಲ್ಲ ಬರ್ನರೂ ಒಟ್ಟಿಗೆ ಹಾರ್ತದಾದ್ರೆ ರೆಗ್ಯುಲೇಟರ್ ಮೇಲೆ ಸಂಶಯ, ಏಜೆನ್ಸಿಗೆ ಹೇಳಿ ಬದಲಿಸಿ.

ಟಪ್ ಅನ್ನುದು ಇದಕ್ಕೆ ಉಲ್ಟಾ, ಉರಿ ಹಿಂದೆ ಹೋಗಿ ಪೈಪಿನ ಒಳಗೆ ಉರೀತದೆ. ನಾಬ್ ಕಟ್ಟುವಾಗ ಒಮ್ಮೊಮ್ಮೆ ಸಣ್ಣ ಟಪ್ ಬಂದ್ರೆ ಗಾಬರಿ ಇಲ್ಲ. ಉರೀತಾ ಇರುವಾಗಲೇ ಸಿಮ್ಮಲ್ಲಿ ಟಪ್ ಅಂತ ಒಳಗೆ ಹೋಗಿ ಅಲ್ಲೇ ಸುಯ್ ಅಂತ ಉರೀತಾ ಇದ್ರೆ ತಕ್ಷಣ ನಾಬ್ ಕಟ್ಟಿ, ತಣಿಯಲಿ. ಮುಚ್ಚಳ ಓರೆ ಕೂತದ್ದು, ತೂತು ದೊಡ್ಡ ಆದದ್ದು, ಬರ್ನರ್ ಬಿರುಕು ಬಿಟ್ಟದ್ದು, ಜೆಟ್ ಅರ್ಧ ಕಟ್ಟಿ ಗ್ಯಾಸ್ ಕಮ್ಮಿ ಬರುದು, ಇದ್ರಲ್ಲಿ ಯಾವುದಾದ್ರೂ ಒಂದು. ಹಳೆ ಬರ್ನರ್ ತೂತು ಸವೆದಿದ್ರೆ ಹೊಸತು ಹಾಕಿ, ಅಡ್ಜಸ್ಟ್ ಮಾಡಿ ಪ್ರಯೋಜನ ಇಲ್ಲ.

ಪ್ರ: ಜೆಟ್ಟಿಗೆ ಹೊಲಿಗೆ ಸೂಜಿ ಹಾಕಿದ್ರೆ ಆಗ್ತದಲ್ವಾ?

ಆಗುದಿಲ್ಲ. ಹಿತ್ತಾಳೆ ಮೆತ್ತಗೆ, ಉಕ್ಕಿನ ಸೂಜಿ ಒಮ್ಮೆ ತಿರುಗಿಸಿದ್ರೆ ತೂತು ದೊಡ್ಡ ಆಯ್ತು, ಗ್ಯಾಸ್ ಜಾಸ್ತಿ ಬಂತು, ಗಾಳಿ ಅಷ್ಟೇ, ಮತ್ತೆ ಹಳದಿ. ಹೊಸ ಜೆಟ್ಟಿಗೆ ದೊಡ್ಡ ಕ್ರಯ ಇಲ್ಲ, ಅದೇ ಮಾಡೆಲಿಂದೇ ಹಾಕಿಸಿ.

ಪ್ರ: ಸಿಮ್ಮಿಗೆ ಇಟ್ರೆ ನಂದಿ ಹೋಗ್ತದೆ.

ಮೊದ್ಲು ಗಾಳಿ ಎಲ್ಲಿಂದ ಅಂತ ನೋಡಿ, ಹಿತ್ತಿಲ ಬಾಗಿಲಾ, ಮೇಲಿನ ಫ್ಯಾನಾ. ಗಾಳಿ ಇಲ್ಲದೆಯೂ ನಂದುದಾದ್ರೆ ನಾಬಿನ ಹಿಂದೆ ಇರುವ ಕಾಕಿನಲ್ಲಿ (ಗ್ಯಾಸ್ ಬಿಡುವ, ನಿಲ್ಲಿಸುವ ಭಾಗ) ಸಿಮ್ ಉರಿಗೆಂದೇ ಒಂದು ಸಣ್ಣ ಸ್ಕ್ರೂ ಇರ್ತದೆ, ಅದನ್ನು ಕಾಲು ಸುತ್ತು ತಿರುಗಿಸಿದ್ರೆ ಸರಿ ಆಗುದುಂಟು. ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಅದನ್ನು ರಿಪೇರಿಯವನಿಗೆ ಬಿಡಿ. ಕಾಕ್ ಬಿಚ್ಚಿದ್ರೆ ಗ್ರೀಸ್ ಹಾಕಿ ಸೋರದ ಹಾಗೆ ಕೂರಿಸ್ಬೇಕಾಗ್ತದೆ. ನಮ್ಮಲ್ಲಿಯ ಹೆಚ್ಚಿನ ಸ್ಟವ್‌ಗಳಲ್ಲಿ ಉರಿ ನಂದಿದ್ರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆ ಇಲ್ಲ. ಹಾಲು ಸಿಮ್ಮಲ್ಲಿ ಇಟ್ಟು ತೋಟಕ್ಕೆ ಹೋದ್ರೆ, ನಂದಿದ ಒಲೆಯಿಂದ ಗ್ಯಾಸ್ ಬರ್ತಾನೇ ಇರ್ತದೆ.

ಪ್ರ: ಉರಿ ಸಾಲುದಿಲ್ಲ. ಪೂಜೆಗೆ ಅಡುಗೆಯವ್ರು ತಂದ ದೊಡ್ಡ ರೆಗ್ಯುಲೇಟರ್ ಹಾಕ್ಬಹುದಾ?

ಬೇಡ ಮಾರಾಯ್ರೆ. ಮನೆಯ ರೆಗ್ಯುಲೇಟರ್ ಹೊರಗೆ ಬಿಡುದು ಸುಮಾರು 30 ಮಿಲಿಬಾರ್ ಒತ್ತಡ, ಮನೆಯ ಸ್ಟವ್, ಟ್ಯೂಬ್ ಎಲ್ಲ ಅದಕ್ಕೇ ಮಾಡಿದ್ದು. ಉಪನಯನಕ್ಕೆ, ಮದುವೆಗೆ ಬರುವ ಅಡುಗೆ ಭಟ್ರ ಬುಸುಗುಡುವ ಒಲೆ ಹೈ ಪ್ರೆಶರಿಂದು, ಅದ್ರ ರೆಗ್ಯುಲೇಟರ್ ಮನೆ ಸ್ಟವ್‌ಗೆ ಹಾಕಿದ್ರೆ ಟ್ಯೂಬ್ ಕಿತ್ತು ಹೋಗ್ಬಹುದು, ಉರಿ ಮೊಳದುದ್ದ ಏಳ್ಬಹುದು. ಮನೆ ರೆಗ್ಯುಲೇಟರನ್ನು ಬಿಚ್ಚಿ ಸ್ಪ್ರಿಂಗ್ ಬಿಗಿ ಮಾಡುದೂ ಹಾಗೇ. ಉರಿ ಕಮ್ಮಿ ಇದ್ರೆ ಟ್ಯೂಬ್ ಮಡಚಿ ಒತ್ತಿ ಕೂತಿದೆಯಾ ನೋಡಿ, ಜೆಟ್ ನೋಡಿ, ಆಮೇಲೆ ರೆಗ್ಯುಲೇಟರ್ ಬದಲಿಸಿ.

ಪ್ರ: ಸಿಲಿಂಡರ್ ಮುಗೀಲಿಕ್ಕೆ ಆಗುವಾಗ ಉರಿ ಕೆಂಪಾಗ್ತದೆ, ಓರೆ ಮಾಡಿ ಇಟ್ರೆ ಇನ್ನೆರಡು ದಿನ ಬರ್ತದೆ ಅಂತ ಅತ್ತೆ ಹೇಳ್ತಾರೆ.

ಪ್ರೊಪೇನ್ ಬೇಗ ಆವಿ ಆಗ್ತದೆ, ಬ್ಯುಟೇನ್ ನಿಧಾನ, ಹಾಗಾಗಿ 14.2 ಕಿಲೋ ಸಿಲಿಂಡರಿನ ಕಡೇ ಭಾಗದಲ್ಲಿ ಭಾರದ ಬ್ಯುಟೇನೇ ಹೆಚ್ಚು ಉಳೀತದೆ, ಅದಕ್ಕೆ ಗಾಳಿಯೂ ಹೆಚ್ಚು ಬೇಕು, ಅದಕ್ಕೇ ಬಣ್ಣ ಬದಲುದು. ಆ ಎರಡು ದಿನಕ್ಕೆ ಹೆದರಿ ಗಾಳಿ ತಗಡು ತಿರುಗಿಸ್ಬೇಡಿ, ಹೊಸ ಸಿಲಿಂಡರ್ ಬಂದ ಮೇಲೆ ನೋಡಿ. ಓರೆ ಮಾಡುದು, ಮಲಗಿಸುದು, ಬಿಸಿನೀರಲ್ಲಿ ಇಡುದು ಯಾವುದೂ ಬೇಡ. ಮಲಗಿಸಿದ್ರೆ ಆವಿಯ ಬದಲು ದ್ರವವೇ ಟ್ಯೂಬಿಗೆ ಬಂದೀತು. ಅತ್ತೆಯವ್ರ ಹತ್ರ ಮೆತ್ತಗೆ ಹೇಳಿ.

ಪ್ರ: ಗೋಬರ್ ಗ್ಯಾಸ್ ಒಲೆಗೂ ಇದೇ ಲೆಕ್ಕವಾ?

ಅಲ್ಲ. ಇಲ್ಲಿ ಗಾಳಿ ತಗಡು ಮುಟ್ಲೇ ಬೇಕಾಗ್ತದೆ, ಕೆಲವು ಸಲ ದಿನಾ. ಗೋಬರ್ ಗ್ಯಾಸಲ್ಲಿ ಉರಿಯುದು ಮೀಥೇನ್, ಅದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇರ್ತದೆ, ಬಾಕಿ ಹೆಚ್ಚಿನದ್ದು ಉರಿಯದ ಕಾರ್ಬನ್ ಡೈಆಕ್ಸೈಡ್, ಮತ್ತೆ ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ. 1 ಪಾಲು ಗ್ಯಾಸಿಗೆ 6 ಪಾಲಿನ ಹತ್ತಿರ ಗಾಳಿ ಸಾಕು. ಒತ್ತಡ ಕಮ್ಮಿ, ಅದೂ ಒಂದೇ ಸಮ ಇರುದಿಲ್ಲ. 1984ರಲ್ಲಿ ಬಂದ ದೀನಬಂಧು ಮಾಡೆಲಿನ ಹಾಗಿನ ಗುಮ್ಮಟದ ಟ್ಯಾಂಕಲ್ಲಿ ಬೆಳಿಗ್ಗೆ ಗ್ಯಾಸ್ ತುಂಬಿರುವಾಗ ಒತ್ತಡ ಜೋರು, ಅಡುಗೆ ಮುಗಿಯುವಾಗ ಇಳ್ದಿರ್ತದೆ. ಕಬ್ಬಿಣದ ಡ್ರಮ್ ತೇಲುವ ಹಳೆ ಮಾಡೆಲಲ್ಲಿ ಡ್ರಮ್ಮಿನ ಭಾರವೇ ಒತ್ತುದ್ರಿಂದ ಅಷ್ಟು ಏರಿಳಿತ ಇಲ್ಲ.

ಹೊತ್ತಿಸುವ ಕ್ರಮ: ಗಾಳಿ ಕಿಂಡಿ ಪೂರ್ತಿ ಮುಚ್ಚಿ, ಕಡ್ಡಿ ಗೀರಿ ಹತ್ರ ಹಿಡಿದು, ಕಾಕ್ ತೆಗ್ದು ಹೊತ್ತಿಸಿ. ಉದ್ದಕ್ಕೆ ಹಳದಿ ಉರಿ ಬರ್ತದೆ. ಈಗ ಕಿಂಡಿ ನಿಧಾನ ತೆರೀರಿ, ಉರಿ ಗಿಡ್ಡ ಆಗಿ ನೀಲಿ ಆಗಿ ಸಣ್ಣಗೆ ಸುಯ್ ಅನ್ನುವಲ್ಲಿಗೆ ಬಿಡಿ. ಇದ್ರ ಉರಿ ಎಲ್‌ಪಿಜಿಗಿಂತ ನಿಧಾನ ಹರಡ್ತದೆ, ಹಾಗಾಗಿ ಗಾಳಿ ಸ್ವಲ್ಪ ಹೆಚ್ಚಾದ್ರೂ ಬರ್ನರ್ ಬಿಟ್ಟು ಹಾರಿ ನಂದಿ ಹೋಗ್ತದೆ. ಒಳ್ಳೆ ಉರಿ ಹಗಲಿಗೆ ಕಣ್ಣಿಗೇ ಕಾಣುದಿಲ್ಲ, ನಂದಿದೆ ಅಂತ ಕೈ ಇಟ್ಟು ಸುಟ್ಕೊಳ್ಬೇಡಿ.

ಉರಿ ಕುಣೀತದೆ, ಏರ್ತದೆ ಇಳೀತದೆ ಅಂತಾದ್ರೆ ಪೈಪಲ್ಲಿ ನೀರು ನಿಂತಿದೆ. ಗ್ಯಾಸಿನ ಒಟ್ಟಿಗೆ ಬರುವ ಹಬೆ ತಣಿದು ಪೈಪಿನ ತಗ್ಗಿನಲ್ಲಿ ನಿಲ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ, ಅಲ್ಲಿ ನೀರು ಬಿಡುವ ಕಾಕ್ ಇದ್ರೆ ತೆಗ್ದು ಬಿಡಿ, ಆ ಹೊತ್ತಿಗೆ ಹತ್ರ ಬೀಡಿ ಬೆಂಕಿ ಏನೂ ಬೇಡ. ಉರಿಯೇ ಸಾಲದಿದ್ರೆ ಒಲೆಯ ತಪ್ಪಲ್ಲದೆಯೂ ಇರಬಹುದು. 2 ಘನಮೀಟರ್ ಟ್ಯಾಂಕಿಗೆ ದಿನಕ್ಕೆ 50 ಕಿಲೋ ಹತ್ತಿರ ಸಗಣಿ ಬೇಕು, ಹಟ್ಟಿಯಲ್ಲಿ ಇರುದು ಎರಡು ಕಾಸರಗೋಡು ಗಿಡ್ಡ ಹಸು ಆದ್ರೆ ಪಾಪ ಅವು ಎಷ್ಟು ಹಾಕ್ತವೆ!

ಹೊಸ ಟ್ಯಾಂಕ್ ಅಥವಾ ಖಾಲಿ ಮಾಡಿ ತಿರುಗಿ ತುಂಬಿಸಿದ ಟ್ಯಾಂಕಾದ್ರೆ ಮೊದ್ಲು ಬರುವ ಗ್ಯಾಸಲ್ಲಿ ಗಾಳಿ ಬೆರೆತಿರ್ತದೆ, ಅದಕ್ಕೆ ಬೆಂಕಿ ಕೊಡ್ಬಾರದು, ಹೊರಗೆ ಬಿಟ್ಟು ಬಿಡ್ಬೇಕು. ಗ್ಯಾಸ್ ಬಂದಿದೆಯಾ ಅಂತ ಟ್ಯಾಂಕಿನ ಬಾಯಿಯಲ್ಲೇ ಕಡ್ಡಿ ಗೀರುದು ಯಾವತ್ತೂ ಮಾಡ್ಬಾರದ ಕೆಲಸ.

ಪ್ರ: ಹಳೆ ಎಲ್‌ಪಿಜಿ ಸ್ಟವ್‌ಗೆ ಗೋಬರ್ ಗ್ಯಾಸ್ ಪೈಪ್ ಸಿಕ್ಕಿಸಿದ್ರೆ?

ಜೆಟ್ ತೂತು ಸಣ್ಣ, ಉರಿ ಇರುವೆಯಷ್ಟು ಬರ್ತದೆ. ಗೋಬರ್ ಗ್ಯಾಸಿಗೆಂದೇ ಮಾಡಿದ ಬರ್ನರ್ ತಗೊಳ್ಳಿ. ಉಲ್ಟಾ ಮಾತ್ರ ಯಾವತ್ತೂ ಬೇಡ, ಗೋಬರ್ ಗ್ಯಾಸಿನ ದೊಡ್ಡ ಜೆಟ್ಟಿಗೆ ಎಲ್‌ಪಿಜಿ ಕೊಟ್ರೆ ಅಡುಗೆಮನೆ ಮಾಡು ಮುಟ್ಟುವ ಉರಿ.

ಪ್ರ: ಎಲ್ಲ ಮಾಡಿ ಆದ ಮೇಲೆ ಸೋರುದಿಲ್ಲ ಅಂತ ಹೇಗೆ ಗೊತ್ತಾಗುದು?

ಸಾಬೂನು ನೀರು ನೊರೆ ಮಾಡಿ ಟ್ಯೂಬಿನ ಎರಡೂ ತುದಿಗೆ, ರೆಗ್ಯುಲೇಟರ್ ಸುತ್ತ ಹಚ್ಚಿ, ಗುಳ್ಳೆ ಎದ್ರೆ ಸೋರ್ತದೆ. ಕಡ್ಡಿ ಗೀರಿ ನೋಡುವ ಕ್ರಮ ಇನ್ನೂ ಕೆಲವ್ರಿಗೆ ಉಂಟು, ಅದನ್ನು ಬಿಡಿ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಗೊತ್ತಾಗ್ಲಿ ಅಂತ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ವಸ್ತು ಸೇರಿಸ್ತಾರೆ. ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ತದೆ, ನಿಂತವನ ಮೂಗಿಗೆ ಬರುವ ಮೊದ್ಲೇ ಕಾಲಡಿ ತುಂಬಿರಬಹುದು. ಗಾಳಿಯಲ್ಲಿ 100ಕ್ಕೆ 2 ಪಾಲಿನಷ್ಟು ಸೇರಿದ್ರೆ ಸಾಕು, ಕಿಡಿ ಸಿಕ್ಕಿದ್ರೆ ಹತ್ಕೊಳ್ತದೆ. ವಾಸನೆ ಬಂದ್ರೆ ರೆಗ್ಯುಲೇಟರ್ ಆಫ್, ದೇವರ ದೀಪ ನಂದಿಸಿ, ಬಾಗಿಲು ಕಿಟಕಿ ತೆಗೀರಿ, ಲೈಟ್ ಫ್ಯಾನ್ ಸ್ವಿಚ್ ಹಾಕುದೂ ಬೇಡ ತೆಗೆಯುದೂ ಬೇಡ, ಹೊರಗೆ ಅಂಗಳಕ್ಕೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ. ಕೇಸರಿ ಬಣ್ಣದ ಸುರಕ್ಷಾ ಟ್ಯೂಬಿಗೆ 5 ವರ್ಷ ಆಯಸ್ಸು, ತಾರೀಕು ಅದ್ರ ಮೇಲೇ ಉಂಟು. ನಮ್ಮಲ್ಲಿ ಇಲಿ ಕಡಿಯುದೂ ಇರುದ್ರಿಂದ ಸಿಲಿಂಡರ್ ಬದಲುವಾಗೆಲ್ಲ ಒಮ್ಮೆ ಟ್ಯೂಬಿನ ಉದ್ದಕ್ಕೂ ನೋಡಿ.

ಪ್ರ: ರಿಪೇರಿಯವ್ರನ್ನು ಕರ್ದಾಗ ಎಂತ ಹೇಳ್ಬೇಕು?

ಮಲಯಾಳ, ತುಳು, ಕನ್ನಡ ಯಾವ್ದ್ರಲ್ಲಿ ಹೇಳಿದ್ರೂ ನಡೀತದೆ, ಆದ್ರೆ ಅವ್ರು ಬರುವ ಮೊದ್ಲು ಬರ್ನರ್ ತೊಳ್ದು ತಿಕ್ಕಿ ಇಡ್ಬೇಡಿ, ಕೆಟ್ಟ ಉರಿ ಹೇಗಿತ್ತೋ ಹಾಗೇ ತೋರಿಸಿ. ಮೊಬೈಲಲ್ಲಿ ವಿಡಿಯೋ ತೆಗ್ದು ಕಳಿಸಿದ್ರೆ ಅರ್ಧ ಕೆಲಸ ಆಯ್ತು. ಒಂದು ಬರ್ನರಾ ಎಲ್ಲವಾ, ಹೊಸ ಸಿಲಿಂಡರ್ ಹಾಕಿದ ಮೇಲೆ ಶುರು ಆದದ್ದಾ, ಮಸಿ ಹಿಡೀತದಾ, ಈ ಮೂರು ಹೇಳಿ.

ಪ್ರ: ಪೈಪಲ್ಲಿ ಗ್ಯಾಸ್ ಬಂದ್ರೆ ಇದೇ ಸ್ಟವ್ ಆಗ್ತದಾ?

ಕೊಚ್ಚಿಯಿಂದ ಮಂಗ್ಳೂರಿಗೆ ಹೋಗುವ ದೊಡ್ಡ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯ್ತು, ನಮ್ಮ ಜಿಲ್ಲೆ ದಾಟಿಯೇ ಹೋಗುದು, ಹಾಗಾಗಿ ಈ ಪ್ರಶ್ನೆ ಈಗ ಕೇಳ್ತಾರೆ. ಪೈಪಿನ ಗ್ಯಾಸ್ ಹೆಚ್ಚಿನ ಪಾಲು ಮೀಥೇನ್, ಎಲ್‌ಪಿಜಿ ಹಾಗೆ ಭಾರ ಇಲ್ಲ, ಸೋರಿದ್ರೆ ಮೇಲಕ್ಕೆ ಹೋಗ್ತದೆ, ಅದಕ್ಕೆ ಮೇಲಿನ ಕಿಟಕಿ ತೆರೆದಿರ್ಬೇಕು. ಸ್ಟವ್ ಅದೇ ಆಗ್ತದೆ, ಆದ್ರೆ ಜೆಟ್ ಬದಲಿಸಿ ದೊಡ್ಡದು ಹಾಕ್ಬೇಕು. ಅದನ್ನು ಕನೆಕ್ಷನ್ ಕೊಡುವವ್ರ ಕೈಯಲ್ಲೇ ಮಾಡಿಸಿ, ತೆಗ್ದ ಹಳೆ ಜೆಟ್ಟುಗಳನ್ನು ಒಂದು ಡಬ್ಬಿಯಲ್ಲಿ ಹೆಸ್ರು ಬರ್ದು ಇಟ್ಕೊಳ್ಳಿ, ನಾಳೆ ತಿರುಗಿ ಸಿಲಿಂಡರಿಗೆ ಹೋಗುದಾದ್ರೆ ಅದೇ ಹಾಕ್ಬೇಕು.